ಏಳನೇ ಪ್ಲಾಟ್‌ಫಾರ್ಮಿನ ಎದುರು

ತ್ರಿಯೆಸ್ತೆಯ ರೈಲು ನಿಲ್ದಾಣ, ಏಳನೇ ಪ್ಲಾಟ್‌ಫಾರ್ಮಿನ ಎದುರು,
ಇಪ್ಪತ್ತಾರು ವರ್ಷದಿಂದ ಕಾಫಿ ಇಳಿಸುತ್ತಿದ್ದೇನೆ.
ಮುಖ ನೋಡುವ ಪುರುಸೊತ್ತಿಲ್ಲ.
ಏನು ಕೇಳಿದರು, ಹೇಗೆ ಕೇಳಿದರು, ಅಷ್ಟು ಸಾಕು:
ಹೋಗುವ ದಾರಿಯ ಕಣಿ ಹೇಳಿಬಿಡುತ್ತೇನೆ.

ನಮ್ಮೂರಲ್ಲಿ ಕಾಫಿಗೆ ಬೇರೆಯೇ ಹೆಸರು.
ಕರಿಯದು ಬೇಕೆ, ನೇರೊ ಎನ್ನಿ.
ಚೂರು ಹಾಲಿನ ನೊರೆ ಬಿದ್ದರೆ ಅದು ಕಾಪೊ.
ತಿಳಿಯದವರು ಕಪುಚಿನೊ ಕೇಳುತ್ತಾರೆ,
ಹೆಬ್ಬೆರಳುದ್ದದ ಬಟ್ಟಲು ಬಂದದ್ದು ಕಂಡು
ಪೆಚ್ಚಾಗಿ ನಗುತ್ತಾರೆ.
ನಕ್ಕವರು ದೂರ ಹೋಗುತ್ತಾರೆ.
ದೊಡ್ಡದು ಕೊಡಿ ಎಂದು ಜಗಳಕ್ಕೆ ನಿಂತವರು
ವೆನಿಸ್ ಮುಟ್ಟಿ, ಸಂಜೆಯ ಗಾಡಿಗೇ ವಾಪಸು.

ನೇರೊದವರ ಪೆಟ್ಟಿಗೆ ಚಿಕ್ಕದು.
ನಿಂತ ಕಾಲಲ್ಲೇ ಎರಡು ಗುಟುಕು,
ಚಿಲ್ಲರೆ ಮೊದಲೇ ಎಣಿಸಿ ಮುಷ್ಟಿಯಲ್ಲಿಟ್ಟಿರುತ್ತಾರೆ.
ಊರಿಗೊಂದು ರಾತ್ರಿ.
ಸೇತುವೆಗಳೆಷ್ಟು, ಗಂಟೆಗೋಪುರ ಎಷ್ಟೆತ್ತರ, ಎಲ್ಲ ಬಾಯಿಪಾಠ,
ಪಕ್ಕದ ಕೋಣೆಯಲ್ಲಿ ಬೆಳತನಕ ಕೆಮ್ಮಿದ್ದು ಯಾರೆಂಬುದೊಂದು ಬಿಟ್ಟು.

ಕೆಫೀನು ತೆಗೆದದ್ದು ಕೇಳುವವರ ಬಳಿ
ಎರಡು ಕೊಡೆ, ಮೂರು ವಿಮೆ.
ಬೋರಾ ಗಾಳಿ ಎದ್ದ ದಿನ
ಮೊದಲು ತಿರುಚಿಕೊಳ್ಳುವುದು ಅವರ ಕೊಡೆಯೇ.
ನಗಬಾರದು. ನಗುತ್ತೇನೆ.

ಹೀಗಿರಲು ಮೊನ್ನೆ ಒಬ್ಬ ಹುಡುಗಿ,
ಬೆನ್ನಿಗೆ ಹಸಿರು ಚೀಲ, ಒಂದು ಲೇಸು ಬಿಚ್ಚಿದ ಬೂಟು,
'ನಿಮಗಿಷ್ಟವಾದದ್ದು ಕೊಡಿ' ಅಂದಳು.
ಟಿಕೆಟ್ಟೂ ಹಾಗೇ ಕೊಂಡಳಂತೆ, ಮುಂದಿನ ಗಾಡಿ ಯಾವುದೋ ಅದು.
ಯಂತ್ರದ ಹಿಡಿಯ ಮೇಲೆ ಕೈ ನಿಂತಿತು.
ಹಿಂದೆ ಸಾಲು ಬೆಳೆಯಿತು, ಯಾರೋ ನಾಣ್ಯ ಕುಟ್ಟಿದರು.
ನನಗಿಷ್ಟವಾದದ್ದು ಯಾವುದು?
ಇಪ್ಪತ್ತಾರು ವರ್ಷ ನಾನು ಕುಡಿದದ್ದು
ಗಿರಾಕಿ ಬಿಟ್ಟುಹೋದದ್ದು, ತಪ್ಪಿ ಇಳಿಸಿದ್ದು, ಆರಿದ್ದು.
ಉದಿನೆಯಿಂದಾಚೆ ನಾನು ಹೋದವಳೂ ಅಲ್ಲ.

ಅಮ್ಮ ಓಂದಿನಾ ಕುಡಿಯುತ್ತಿದ್ದದ್ದು ಹುರಿದ ಬಾರ್ಲಿಯ ಕಾಫಿ.
ಹತ್ತೊಂಬತ್ತನೇ ವಯಸ್ಸಿಗೆ, ಐವತ್ತೈದರಲ್ಲಿ,
ಕೊಲ್ಲಿಯಾಚೆಯ ಕಾಪೊದಿಸ್ತ್ರಿಯಾದಿಂದ ಲಾರಿ ಹತ್ತಿ ಬಂದವಳು,
ಮಡಿಲಲ್ಲಿ ಬೀಸುವ ಡಬ್ಬಿ, ಒಳಗೆ ಒಂದು ಬೀಜವೂ ಇಲ್ಲ,
ಅದರ ಪುಟ್ಟ ಡ್ರಾಯರಿನಲ್ಲಿ ಬರೀ ವಾಸನೆ.
'ಒಳ್ಳೇ ಕಾಫಿ ಊರಿಗೆ ಹೋದಮೇಲೆ' ಅನ್ನುತ್ತಿದ್ದಳು.
ಇಪ್ಪತ್ತೇ ಕಿಲೋಮೀಟರು. ಬಸ್ಸಿದೆ.
ಬಂದದ್ದೊಂದೇ ಅವಳು ಮಾಡಿದ ಪ್ರಯಾಣ.
ಅದನ್ನು ಯಾವ ಬಟ್ಟಲಿನ ಲೆಕ್ಕಕ್ಕೆ ಹಾಕಲಿ?

ಹುಡುಗಿಗೆ ಕಾಪೊ ಕೊಟ್ಟೆ, ಸುಮ್ಮನೆ. ಕುಡಿದು ಹೋದಳು.

ಭಾನುವಾರ ಬಸ್ಸು ಹತ್ತಿದೆ.
ಗಡಿಯ ಕಾವಲುಗೂಡು ಖಾಲಿ,
ಕಿಟಕಿಯಲ್ಲಿ ಯಾರದೋ ಜೆರೇನಿಯಂ ಕುಂಡ.
ಹಳೇ ಬಂದರಿನ ಮಗ್ಗುಲಲ್ಲೊಂದು ಕಟ್ಟೆ, ಮೂರು ಮೇಜು.
ಒಡತಿ ದ್ರಾಗಿತ್ಸ, ಏಪ್ರನ್ನಿಗೆ ಕೈ ಒರೆಸಿಕೊಂಡು, 'ಏನು?' ಅಂದಳು.
'ಕಾಫಿ' ಅಂದೆ,
ನನ್ನ ಕೌಂಟರಿನಲ್ಲಿ ನಾನೇ ನಗುವ ದಡ್ಡರ ಹಾಗೆ.

ಹಿತ್ತಾಳೆಯ ಗಿಂಡಿಯಲ್ಲಿ ಕುದಿಸಿ ತಂದಿಟ್ಟಳು,
ಪುಡಿ ಸಮೇತ, ದಟ್ಟ.
ತುಟಿಗೆ ಒಯ್ದೆ. ನಾಲಿಗೆಯೆಲ್ಲ ಚರಟ.
'ಅವಸರವೇ? ಇಳಿಯಲಿ ತಡೀರಿ.
ಕುಡಿದಾದ ಮೇಲೆ ಬೋರಲು ಹಾಕಿ, ಕಣಿ ಹೇಳ್ತೀನಿ.'
ಬೇಡ ಅಂದೆ.

ಕೈ ಮಡಿಲಲ್ಲಿಟ್ಟು ಕೂತೆ.
ನೀರಿನಾಚೆ ಬಿಳಿಯ ಗೆರೆಯಂತೆ ನಮ್ಮೂರು,
ಈ ಕಡೆಯಿಂದ ನೋಡಿದ್ದು ಇದೇ ಮೊದಲು.
ನಾಲ್ಕರ ಬಸ್ಸು ಹಾರ್ನು ಹಾಕಿ ಹೋಯಿತು.
ಬಟ್ಟಲಿನಲ್ಲಿ
ಪುಡಿ ಇನ್ನೂ ಇಳಿಯುತ್ತಿತ್ತು.